ಸ್ಕೌಟ್ ಬೇಸಿಗೆ ಶಿಬಿರದಲ್ಲಿ ಮೂರೇ ತರಗತಿ ಆರಿಸಿಕೊಳ್ಳಬೇಕಾದರೆ ಯಾವುವನ್ನು ಆರಿಸಿಕೊಳ್ಳಬೇಕು?

ಪ್ರಶ್ನೆ: ವಿದ್ಯಾನಗರದ ತಂದೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಹನ್ನೆರಡು ತುಂಬಿ ಹದಿಮೂರು ನಡೆಯುತ್ತಿದೆ. ಏಳನೆಯ ತರಗತಿಯ ಪರೀಕ್ಷೆ ಈಗಷ್ಟೇ ಮುಗಿದಿದೆ. ಶಾಲೆಯ ಸ್ಕೌಟ್ ದಳದಲ್ಲಿ ಪ್ರಥಮ ಸೋಪಾನ ಎಂಬ ಹಂತ ಮುಗಿಸಿ, ದ್ವಿತೀಯ ಸೋಪಾನದ ಅಭ್ಯಾಸ ನಡೆಸಿದ್ದಾನೆ. ಏಪ್ರಿಲ್ ಕೊನೆಯ ವಾರ ನಮ್ಮ ಜಿಲ್ಲೆಯಲ್ಲೇ ನಡೆಯುವ ಏಳು ದಿನಗಳ ಬೇಸಿಗೆ ಶಿಬಿರಕ್ಕೆ ದಳದವರೆಲ್ಲ ಹೊರಟಿದ್ದಾರೆ. ಮೊದಲ ದಿನ ಡೇರೆ ಹಾಕುವುದರಲ್ಲಿ, ಕೊನೆಯ ದಿನ ಕೀಳುವುದರಲ್ಲಿ ಕಳೆಯುತ್ತದೆ. ನಡುವಿನ ಐದು ದಿನ ಪ್ರತಿಯೊಬ್ಬ ಹುಡುಗನೂ ತಾನು ಆರಿಸಿಕೊಂಡ ಮೂರು ತರಗತಿಗಳಿಗೆ ಹೋಗಬೇಕು: ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ಒಂದೊಂದೂ ಮುಕ್ಕಾಲು ಗಂಟೆ.

ಶಾಲೆಯಿಂದ ಬಂದ ಪಟ್ಟಿಯಲ್ಲಿ ಹತ್ತು ತರಗತಿಗಳಿವೆ. ಪಯೋನಿಯರಿಂಗ್ (ಬೊಂಬು, ಹಗ್ಗಗಳಿಂದ ಸೇತುವೆ, ಗೋಪುರ ಕಟ್ಟುವುದು), ಪ್ರಥಮ ಚಿಕಿತ್ಸೆ, ಈಜು, ಬಂಡೆ ಹತ್ತುವುದು, ಬಿಲ್ಲುಗಾರಿಕೆ, ಅಡುಗೆ, ನಕ್ಷೆ ಮತ್ತು ದಿಕ್ಸೂಚಿ, ನಿಸರ್ಗ ವೀಕ್ಷಣೆ, ಸಂಕೇತ ಕಳುಹಿಸುವುದು, ಕರಕುಶಲ ಎಂದು ಬರೆದಿದ್ದಾರೆ. ಆ ಹಾಳೆ ಒಂದು ವಾರದಿಂದ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ, ಅದರ ಮೇಲೆ ಈಗ ಮೂರು ಬಣ್ಣದ ಗುರುತುಗಳಿವೆ. ಮಗ ಗುರುತು ಹಾಕಿದ್ದು ಬಿಲ್ಲುಗಾರಿಕೆ, ಬಂಡೆ ಹತ್ತುವುದು ಮತ್ತು ಈಜಿಗೆ. ಅವನಿಗೆ ಈಜು ಬರುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅವನ ತಾಯಿ ಪ್ರಥಮ ಚಿಕಿತ್ಸೆಗೂ ಅಡುಗೆಗೂ ಗುರುತು ಹಾಕಿದ್ದಾರೆ. ಮುಂದಿನ ಸೋಪಾನಕ್ಕೂ ಪ್ರಾವೀಣ್ಯ ಬ್ಯಾಡ್ಜುಗಳಿಗೂ ಯಾವುದು ಹೆಚ್ಚು ಉಪಯೋಗಕ್ಕೆ ಬರುತ್ತದೆಯೋ ಅದನ್ನು ತೆಗೆದುಕೊಳ್ಳಲಿ ಎಂಬುದು ನನ್ನ ಲೆಕ್ಕಾಚಾರ.

ಬರುವ ಸೋಮವಾರ ಪಟ್ಟಿಯನ್ನು ಹಿಂದಿರುಗಿಸಬೇಕು. ನನ್ನ ಪ್ರಶ್ನೆಗಳು ಎರಡು. ಮೂರು ತರಗತಿಗಳನ್ನು ಯಾವ ಅಳತೆಗೋಲಿನಿಂದ ಆರಿಸಬೇಕು? ಶಿಬಿರಕ್ಕೆ ಇನ್ನೂ ಮೂರು ವಾರಗಳಿರುವುದರಿಂದ ಮನೆಯಲ್ಲಿ ಮುಂಚಿತವಾಗಿ ಏನನ್ನು ಅಭ್ಯಾಸ ಮಾಡಿಸಬೇಕು? ಹಾಸಿಗೆ, ತಟ್ಟೆ, ಲೋಟಗಳ ಪಟ್ಟಿ ಶಾಲೆಯವರೇ ಕೊಟ್ಟಿದ್ದಾರೆ, ಅದರ ಚಿಂತೆ ಇಲ್ಲ.

ಉತ್ತರ: ನಿವೃತ್ತ ಸ್ಕೌಟ್ ಮಾಸ್ಟರ್, ಹರಿಹರ

ಮಾನ್ಯರೇ, ಮೂವತ್ತು ವರ್ಷ ಮಕ್ಕಳನ್ನು ಶಿಬಿರಗಳಿಗೆ ಕರೆದುಕೊಂಡು ಹೋದವನು ನಾನು. ನಿಮ್ಮ ಮನೆಯ ಫ್ರಿಜ್ಜಿನ ಮೇಲಿರುವಂತಹ ಹಾಳೆಗಳನ್ನು ಬಹಳ ನೋಡಿದ್ದೇನೆ. ನಾನು ಪೋಷಕರಿಗೆ ಹೇಳುತ್ತಿದ್ದ ಅಳತೆಗೋಲು ಒಂದೇ. ಪಟ್ಟಿಯ ಪ್ರತಿಯೊಂದು ತರಗತಿಯ ಮುಂದೆಯೂ ಬೆರಳಿಟ್ಟು, ಇದನ್ನು ಮನೆಯಲ್ಲಿಯೋ ಶಾಲೆಯಲ್ಲಿಯೋ ಕಲಿಯಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಸಾಧ್ಯವಿದ್ದರೆ ಅದನ್ನು ಬಿಡಿ. ಶಿಬಿರದ ಬಯಲು, ಬೊಂಬು, ಹಗ್ಗ, ಬೆಂಕಿ, ಕತ್ತಲು ಮತ್ತು ಜೊತೆಯ ಹುಡುಗರು ಇವೆಲ್ಲ ಮನೆಯಲ್ಲಿ ಸಿಗುವುದಿಲ್ಲ, ಇವು ಬೇಕಾಗುವ ತರಗತಿಗಳನ್ನೇ ಅಲ್ಲಿ ತೆಗೆದುಕೊಳ್ಳಬೇಕು.

ಹಾಗೆ ನೋಡಿದರೆ ಮೊದಲ ಸ್ಥಾನ ಪಯೋನಿಯರಿಂಗಿನದು. ಎಂಟು ಹತ್ತು ಅಡಿಯ ಬೊಂಬುಗಳು, ಕಟ್ಟಲು ಹಗ್ಗದ ಸುರುಳಿಗಳು, ನೆಲಕ್ಕೆ ಬಡಿಯುವ ಗೂಟಗಳು, ಎತ್ತಿ ಹಿಡಿಯಲು ಐದಾರು ಜೊತೆಗಾರರು ವಿದ್ಯಾನಗರದ ತಾರಸಿಯ ಮೇಲೆ ಒಟ್ಟಿಗೆ ಸಿಗುವುದಿಲ್ಲ. ಒಂದು ಕಾಲುಸೇತುವೆಯನ್ನೋ ಕಾವಲು ಗೋಪುರವನ್ನೋ ತಾನೇ ಕಟ್ಟಿ ಅದರ ಮೇಲೆ ನಿಂತ ಹುಡುಗನಿಗೆ ಗಂಟು ಏಕೆ ಸರಿಯಾಗಿರಬೇಕೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ಪಯೋನಿಯರಿಂಗ್ ತರಗತಿಗಳು ಹಾಳಾಗುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಮೊದಲ ಮೂರು ದಿನ ಗಂಟು ಹಾಕುವುದನ್ನು ಕಲಿಯುವುದರಲ್ಲೇ ಕಳೆದು, ಕಟ್ಟುವ ಹೊತ್ತಿಗೆ ಶಿಬಿರ ಮುಗಿದಿರುತ್ತದೆ. ಆದ್ದರಿಂದ ಗಂಟುಗಳನ್ನು ಮನೆಯಲ್ಲಿಯೇ ಮುಗಿಸಿಕೊಂಡು ಬರಬೇಕು, ಬೊಂಬಿನ ಕೆಲಸವನ್ನು ಶಿಬಿರದಲ್ಲಿ ಮಾಡಬೇಕು.

ಮೂರು ವಾರಗಳಲ್ಲಿ ಹೀಗೆ ಮಾಡಿಸಿ. ಮೂರು ಮೀಟರ್ ಹಗ್ಗವೊಂದು ಸದಾ ಕೈಗೆ ಸಿಗುವಂತೆ ಕಿಟಕಿಯ ಸರಳಿಗೆ ನೇತುಹಾಕಿರಿ. ಮೊದಲ ವಾರ ರೀಫ್ ಗಂಟು, ಶೀಟ್ ಬೆಂಡ್, ಕ್ಲೋವ್ ಹಿಚ್, ಬೋಲೈನ್ ಇವು ನಾಲ್ಕೇ ಸಾಕು. ರೀಫ್ ಗಂಟು ಹಾಕುವಾಗ ಬಲದ ತುದಿ ಎಡದ ಮೇಲೆ, ಅನಂತರ ಎಡದ ತುದಿ ಬಲದ ಮೇಲೆ ಬರಬೇಕು. ಎರಡು ಸಲವೂ ಒಂದೇ ಬದಿಯಿಂದ ಹಾಕಿದರೆ ಗಂಟು ಓರೆಯಾಗಿ ನಿಲ್ಲುತ್ತದೆ, ಎಳೆದಾಗ ಜಾರುತ್ತದೆ. ಸರಿಯಾಗಿ ಬಿದ್ದ ಗಂಟು ಅಂಗೈ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಬ್ಯಾಂಡೇಜಿಗೆ ಅದನ್ನೇ ಬಳಸುವುದು ಈ ಕಾರಣಕ್ಕೆ. ಎರಡು ಬೇರೆ ಬೇರೆ ದಪ್ಪದ ಹಗ್ಗಗಳನ್ನು ಕೂಡಿಸಲು ಶೀಟ್ ಬೆಂಡ್ ಬೇಕು, ಕುಣಿಕೆ ಬಿಗಿಯದೆ ಹಾಗೇ ನಿಲ್ಲಬೇಕಾದಲ್ಲಿ ಬೋಲೈನ್ ಬೇಕು.

ಎರಡನೆಯ ವಾರ ಇವನ್ನೇ ಕಣ್ಣು ಮುಚ್ಚಿಕೊಂಡು ಹಾಕಲಿ. ಮೂರನೆಯ ವಾರ ಎರಡು ಪೊರಕೆ ಕೋಲುಗಳನ್ನು ಅಡ್ಡಡ್ಡ ಇಟ್ಟು ಸ್ಕ್ವೇರ್ ಲ್ಯಾಷಿಂಗ್ ಎಂಬ ಕಟ್ಟನ್ನು ಅಭ್ಯಾಸ ಮಾಡಲಿ. ನಿಂತ ಕೋಲಿಗೆ ಕ್ಲೋವ್ ಹಿಚ್ ಹಾಕಿ ಆರಂಭಿಸಿ, ಎರಡೂ ಕೋಲುಗಳನ್ನು ಬಳಸಿ ಮೂರು ಸುತ್ತು ಬಿಗಿಯಾಗಿ ಸುತ್ತಿ, ಕೋಲುಗಳ ನಡುವೆ ಹಗ್ಗವನ್ನು ತಂದು ಆ ಸುತ್ತುಗಳನ್ನೇ ಎರಡು ಸಲ ಜಗ್ಗಿ ಬಿಗಿದು, ಅಡ್ಡ ಕೋಲಿನ ಮೇಲೆ ಮತ್ತೆ ಕ್ಲೋವ್ ಹಿಚ್‌ನಿಂದ ಮುಗಿಸಬೇಕು. ಈ ನಡುವಿನ ಬಿಗಿತವನ್ನೇ ಮಕ್ಕಳು ಸೋಮಾರಿತನದಿಂದ ಬಿಟ್ಟುಬಿಡುತ್ತಾರೆ, ಗೋಪುರ ಅಲುಗಾಡುವುದೂ ಅಲ್ಲಿಂದಲೇ.

ಈಜಿನ ವಿಷಯಕ್ಕೆ ಬರುತ್ತೇನೆ. ಬಾರದ ಹುಡುಗ ಐದು ದಿನ ಮುಕ್ಕಾಲು ಗಂಟೆಯಂತೆ ನೀರಿನಲ್ಲಿ ನಿಂತರೆ ಕಾಲು ಬಡಿಯುವುದಷ್ಟನ್ನು ಕಲಿತಾನು. ಬದಲಿಗೆ ನಾಳೆಯೇ ಊರಿನ ಈಜುಕೊಳದ ಬೇಸಿಗೆ ತರಬೇತಿಗೆ ಸೇರಿಸಿ, ಮುಂದಿನ ವರ್ಷ ಶಿಬಿರದಲ್ಲಿ ನೀರಿನ ತರಗತಿ ತೆಗೆದುಕೊಳ್ಳಲಿ. ಅಭ್ಯಾಸಕ್ಕೆಂದು ನಮ್ಮ ಹೊಳೆಗೆ ಮಾತ್ರ ಕರೆತರಬೇಡಿ. ಬೇಸಿಗೆಯಲ್ಲಿ ತುಂಗಭದ್ರೆ ಮೊಣಕಾಲುದ್ದ ಹರಿಯುವಂತೆ ಕಾಣುತ್ತದೆ, ಆದರೆ ಮರಳು ತೆಗೆದ ಗುಂಡಿಗಳು ಎಲ್ಲಿವೆಯೆಂದು ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ.

ಬಿಲ್ಲುಗಾರಿಕೆಯ ಆಸೆ ಸಹಜವಾದದ್ದೇ. ಆದರೆ ಇಪ್ಪತ್ತು ಹುಡುಗರಿಗೆ ಎರಡು ಬಿಲ್ಲುಗಳಿದ್ದಲ್ಲಿ ನಿಮ್ಮ ಮಗನ ಪಾಲಿಗೆ ದಿನಕ್ಕೆ ಐದಾರು ಬಾಣ ಬಂದರೆ ಹೆಚ್ಚು. ಉಳಿದ ಹೊತ್ತೆಲ್ಲ ಸಾಲಿನಲ್ಲಿ ನಿಲ್ಲುವುದು. ಸಂಜೆಯ ಬಿಡುವಿನಲ್ಲಿ ಅವಕಾಶ ಕೊಟ್ಟರೆ ಹೊಡೆದು ಬರಲಿ.

ಸೋಪಾನ ಮತ್ತು ಬ್ಯಾಡ್ಜುಗಳ ಲೆಕ್ಕವನ್ನು ದಯವಿಟ್ಟು ಶಿಬಿರದ ಮೇಲೆ ಹೊರಿಸಬೇಡಿ. ಒಂದು ಸೋಪಾನಕ್ಕೂ ಇನ್ನೊಂದಕ್ಕೂ ತಿಂಗಳುಗಟ್ಟಲೆ ಅಂತರ ಇಟ್ಟಿರುವುದು ದಳದಲ್ಲಿ ವಾರವಾರವೂ ಕಲಿಯಲಿ ಎಂದೇ. ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಎಲ್ಲವೂ ಅವನ ಮುಂದಿವೆ. ಹನ್ನೆರಡರ ಹುಡುಗನಿಗೆ ಯಾವ ಅವಸರವೂ ಇಲ್ಲ.

ಉತ್ತರ: ಗೈಡ್ ಹುಡುಗಿಯ ತಾಯಿ, ಚಿತ್ರದುರ್ಗ

ಮೇಲಿನ ಹಿರಿಯರ ಮಾತಿಗೆ ನನ್ನ ಅನುಭವದಿಂದ ಒಂದೆರಡು ಸೇರಿಸುತ್ತೇನೆ. ತರಗತಿಯ ಹೆಸರಿನಷ್ಟೇ ಮುಖ್ಯವಾದದ್ದು ಅದು ಎಷ್ಟು ಹೊತ್ತಿಗೆ, ಎಲ್ಲಿ ನಡೆಯುತ್ತದೆ ಎಂಬುದು. ಎರಡು ವರ್ಷಗಳ ಹಿಂದೆ ನನ್ನ ಮಗಳು ಹೋದ ಶಿಬಿರವೊಂದರಲ್ಲಿ ನಿಸರ್ಗ ವೀಕ್ಷಣೆಯ ತರಗತಿಯನ್ನು ಮಧ್ಯಾಹ್ನ ಎರಡೂವರೆಗೆ ಇಟ್ಟಿದ್ದರು. ಏಪ್ರಿಲ್ ತಿಂಗಳ ಎರಡೂವರೆ ಗಂಟೆಗೆ ನಮ್ಮ ಬಯಲುಸೀಮೆಯಲ್ಲಿ ಹಕ್ಕಿಗಳೂ ನೆರಳು ಹಿಡಿದು ಕೂತಿರುತ್ತವೆ. ಐದು ದಿನದಲ್ಲಿ ಅವಳ ನೋಟ್‌ಬುಕ್ಕಿನಲ್ಲಿ ಬಂದದ್ದು ಎರಡು ಕಾಗೆ, ಒಂದು ಓತಿಕ್ಯಾತ ಮತ್ತು ತಲೆನೋವು. ಅದೇ ತರಗತಿಯನ್ನು ಬೆಳಗಿನ ಆರೂವರೆಗೆ ಇಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಅನಂತರದ ಬೇಸಿಗೆಯಲ್ಲಿ ನಾವೇ ಅವಳನ್ನು ಬೆಳಗಿನ ಹೊತ್ತು ಚಂದ್ರವಳ್ಳಿಯ ಕಡೆ ಕರೆದೊಯ್ದೆವು, ಒಂದೇ ಗಂಟೆಯಲ್ಲಿ ಎರಡು ಪುಟ ತುಂಬಿದವು. ಹೀಗಾಗಿ ಮಧ್ಯಾಹ್ನದ ಅವಧಿಗೆ ಚಾವಣಿಯ ಕೆಳಗೆ ಕೂತು ಕಲಿಯುವ ತರಗತಿಯನ್ನು ಆರಿಸಿ, ಬಿಸಿಲಿನ ಕೆಲಸಗಳೆಲ್ಲ ಬೆಳಗಿನ ಎರಡು ಅವಧಿಗಳಿಗೆ ಬರುವಂತೆ ನೋಡಿಕೊಳ್ಳಿ. ಪಟ್ಟಿಯಲ್ಲಿ ಸಮಯ ಬರೆದಿಲ್ಲವೆಂದರೆ ಸ್ಕೌಟ್ ಮಾಸ್ಟರರನ್ನು ಕೇಳಿ ತಿಳಿದುಕೊಳ್ಳಿ, ಸಂಕೋಚ ಬೇಡ.

ಮಧ್ಯಾಹ್ನಕ್ಕೆ ಪ್ರಥಮ ಚಿಕಿತ್ಸೆ ಹೊಂದುತ್ತದೆ. ನಿಮ್ಮ ಮನೆಯವರು ಹಾಕಿದ ಗುರುತನ್ನು ಅಳಿಸಬೇಡಿ ಸರ್. ಇದು ಮನೆಯಲ್ಲಿ ಓದಿಯೂ ಕಲಿಯಬಹುದಾದದ್ದು ಎಂದು ಮೇಲಿನ ಅಳತೆಗೋಲು ಹೇಳಬಹುದು, ಆದರೆ ಕಟ್ಟು ಹಾಕಿಸಿಕೊಳ್ಳಲು ಇನ್ನೊಂದು ಕೈ, ಸ್ಟ್ರೆಚರ್ ಎತ್ತಲು ನಾಲ್ಕು ಜನ ಬೇಕಲ್ಲ? ಎರಡು ಕೋಲುಗಳಿಗೆ ಎರಡು ಅಂಗಿಗಳ ತೋಳುಗಳನ್ನು ತೂರಿಸಿ ಸ್ಟ್ರೆಚರ್ ಮಾಡುವುದನ್ನು ಎಲ್ಲ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಅದರ ಮೇಲೆ ತಮ್ಮದೇ ತರಗತಿಯ ದಪ್ಪ ಹುಡುಗಿಯನ್ನು ಮಲಗಿಸಿ ಹತ್ತು ಹೆಜ್ಜೆ ನಡೆದಾಗ ಮಾತ್ರ ಅಂಗಿಯ ಗುಂಡಿಗಳನ್ನು ಏಕೆ ಪೂರ್ತಿ ಹಾಕಬೇಕಿತ್ತೆಂದು ಅವರಿಗೆ ತಿಳಿಯಿತು.

ಮನೆಯ ತಯಾರಿ ಸುಲಭ. ಹಳೆಯ ಹತ್ತಿಯ ಪಂಚೆಯಲ್ಲಿ ಒಂದು ಮೀಟರ್ ಚೌಕ ಕತ್ತರಿಸಿ, ಮೂಲೆಯಿಂದ ಮೂಲೆಗೆ ಸೀಳಿದರೆ ಎರಡು ತ್ರಿಕೋನ ಬ್ಯಾಂಡೇಜುಗಳಾಗುತ್ತವೆ. ಕೈಗೆ ಜೋಲಿ ಕಟ್ಟುವುದು, ಮೊಣಕಾಲಿಗೆ, ತಲೆಗೆ ಕಟ್ಟುವುದು ಇಷ್ಟನ್ನು ತಮ್ಮ ತಂಗಿಯರ ಮೇಲೆ ಪ್ರಯೋಗಿಸಲಿ. ಇದರ ಜೊತೆಗೆ ಮನೆಯಲ್ಲಿ ನಾವೇ ನಂಬಿಕೊಂಡು ಬಂದ ಕೆಲವು ತಪ್ಪುಗಳನ್ನು ತಿದ್ದಿ ಕಳುಹಿಸಬೇಕು. ಸುಟ್ಟ ಗಾಯದ ಮೇಲೆ ಟೂತ್‌ಪೇಸ್ಟ್ ಹಚ್ಚುವುದು ತಪ್ಪು, ತಣ್ಣನೆಯ ನೀರನ್ನು ಇಪ್ಪತ್ತು ನಿಮಿಷ ಹರಿಯಬಿಡಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ದಾರ ಕಟ್ಟುವುದು ಯಾವುದೂ ಕೂಡದು. ಕಚ್ಚಿದ ಕೈಯನ್ನೋ ಕಾಲನ್ನೋ ಮುರಿದ ಮೂಳೆಗೆ ಕಟ್ಟುವಂತೆ ಪಟ್ಟಿ ಇಟ್ಟು ಅಲುಗದಂತೆ ಮಾಡಿ, ನಡೆಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ನಾಗರ, ಕೊಳಕುಮಂಡಲ, ಗರಗಸಮಂಡಲ ಎಲ್ಲವೂ ಇರುವ ನಮ್ಮ ಕಲ್ಲುನೆಲದಲ್ಲಿ ಇದು ಶಿಬಿರಕ್ಕಷ್ಟೇ ಬೇಕಾಗುವ ಪಾಠವಲ್ಲ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಲೆಕ್ಕವೂ ಅವನಿಗೆ ಬರಲಿ. ಇಲ್ಲಿ ಚಮಚ ಎಂದರೆ ಟೀ ಚಮಚ, ಊಟದ್ದಲ್ಲ.

ಹೊಸ ಶೂ ಕೊಡಿಸಬೇಡಿ. ನಾವು ಕೊಡಿಸಿದ್ದೆವು. ಎರಡನೆಯ ದಿನವೇ ಹಿಮ್ಮಡಿಯಲ್ಲಿ ಗುಳ್ಳೆಯೆದ್ದು ಉಳಿದ ಶಿಬಿರವನ್ನೆಲ್ಲ ಅವಳು ಹವಾಯಿ ಚಪ್ಪಲಿಯಲ್ಲಿ ಕಳೆದಳು.

ಉತ್ತರ: ದಾವಣಗೆರೆಯವನು, ಸದ್ಯ ಟೆಕ್ಸಾಸ್

ಹುಟ್ಟಿದ್ದು ಪಿ.ಜೆ. ಬಡಾವಣೆಯಲ್ಲಿ, ಈಗ ಇರುವುದು ಅಮೆರಿಕದಲ್ಲಿ. ಇಲ್ಲಿ ನನ್ನ ಮಗ ಸ್ಕೌಟ್ ಆಗಿ ನಾಲ್ಕು ಬೇಸಿಗೆ ಶಿಬಿರಗಳನ್ನು ಕಂಡಿದ್ದಾನೆ. ಈ ದೇಶದಲ್ಲಿ ಬೇಸಿಗೆ ಶಿಬಿರವೆಂದರೆ ತರಗತಿಗಳ ಆಯ್ಕೆಯೇ ದೊಡ್ಡ ಹಬ್ಬ. ಇಲ್ಲಿಯ ಅತ್ಯುನ್ನತ ದರ್ಜೆಯಾದ ಈಗಲ್ ಸ್ಕೌಟ್ ಆಗಲು 21 ಮೆರಿಟ್ ಬ್ಯಾಡ್ಜುಗಳು ಬೇಕಾಗುವುದರಿಂದ ಪೋಷಕರು ಒಂದೇ ವಾರಕ್ಕೆ ಐದಾರು ಬ್ಯಾಡ್ಜುಗಳನ್ನು ತುರುಕಲು ನೋಡುತ್ತಾರೆ. ಮೊದಲ ವರ್ಷ ನಾನೂ ಅದನ್ನೇ ಮಾಡಿದೆ. ಮಗ ಐದಕ್ಕೆ ಸೇರಿ, ಎರಡನ್ನು ಮುಗಿಸಿ, ಮೂರನ್ನು ಅರೆಬರೆ ಮಾಡಿಕೊಂಡು ಬಂದ. ಆ ಮೂರರ ಕಾಗದಗಳು ಮೇಜಿನ ಖಾನೆಯಲ್ಲಿ ವರ್ಷವಿಡೀ ಬಿದ್ದಿದ್ದವು.

ತಪ್ಪಾದದ್ದು ಎಲ್ಲಿ ಎಂದರೆ, ಯಾವ ಬ್ಯಾಡ್ಜಿಗೆ ಏನೇನು ಬೇಕೆಂದು ನಾನು ಮೊದಲೇ ಓದಿರಲಿಲ್ಲ. ಇಲ್ಲಿಯ ಕ್ಯಾಂಪಿಂಗ್ ಬ್ಯಾಡ್ಜಿಗೆ ಒಟ್ಟು 20 ರಾತ್ರಿ ಬಯಲಿನಲ್ಲಿ ಮಲಗಿರಬೇಕು, ಅದು ಒಂದು ವಾರದಲ್ಲಿ ಆಗುವ ಮಾತಲ್ಲ. ದೇಹದಾರ್ಢ್ಯದ ಬ್ಯಾಡ್ಜಿಗೆ 12 ವಾರಗಳ ವ್ಯಾಯಾಮದ ದಾಖಲೆ ಬೇಕು. ಎರಡನೆಯ ವರ್ಷದಿಂದ ನಾವು ಪ್ರತಿಯೊಂದು ತರಗತಿಯ ಪಠ್ಯವನ್ನು ಮುಂದಿಟ್ಟುಕೊಂಡು, ಮನೆಯಲ್ಲೇ ಮುಗಿಸಿಕೊಂಡು ಹೋಗಬೇಕಾದದ್ದು, ಶಿಬಿರದಲ್ಲೇ ಆಗಬೇಕಾದದ್ದು, ತಿಂಗಳುಗಟ್ಟಲೆ ಹಿಡಿಯುವುದು ಎಂದು ಮೂರು ಬಣ್ಣಗಳಲ್ಲಿ ಗೆರೆ ಎಳೆಯುತ್ತಿದ್ದೆವು. ಎರಡನೆಯ ಬಣ್ಣ ಯಾವುದರಲ್ಲಿ ಹೆಚ್ಚಾಗಿ ಬೀಳುತ್ತದೆಯೋ ಆ ತರಗತಿಗೆ ಹೋಗುತ್ತಿದ್ದ. ನಿಮ್ಮ ದಳದಲ್ಲಿ ಪದ್ಧತಿ ಬೇರೆ, ಬ್ಯಾಡ್ಜುಗಳೂ ಬೇರೆ. ಆದರೆ ದ್ವಿತೀಯ ಸೋಪಾನದ ಪಠ್ಯವನ್ನು ಹೀಗೆ ಗೆರೆ ಎಳೆದು ನೋಡಿದರೆ ನಿಮ್ಮ ಲೆಕ್ಕಾಚಾರಕ್ಕೂ ಒಂದು ಉತ್ತರ ಸಿಕ್ಕೀತು.

ಈಜಿನ ಬಗ್ಗೆ ಒಂದು ಮಾತು. ಇಲ್ಲಿ ಶಿಬಿರದ ಮೊದಲ ದಿನವೇ ಎಲ್ಲರನ್ನೂ ನೀರಿಗಿಳಿಸಿ ಪರೀಕ್ಷಿಸುತ್ತಾರೆ. ತಲೆ ಮುಳುಗುವಷ್ಟು ಆಳಕ್ಕೆ ಧುಮುಕಿ, 75 ಗಜ ಈಜಿ, ಬಳಿಕ 25 ಗಜ ಅಂಗಾತವಾಗಿ ಈಜಿ, ಕೊನೆಗೆ ಅಲುಗದೆ ತೇಲಿ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಒಟ್ಟು ತೊಂಬತ್ತು ಮೀಟರಿಗಿಂತ ತುಸು ಹೆಚ್ಚು. ಅದರಲ್ಲಿ ತೇರ್ಗಡೆಯಾಗದವನನ್ನು ಆಳದ ನೀರಿನ ಕಡೆ ಬಿಡುವುದಿಲ್ಲ, ತೇರ್ಗಡೆಯಾದವನೂ ಜೊತೆಗಾರನಿಲ್ಲದೆ ಇಳಿಯುವಂತಿಲ್ಲ. ಹರಿಹರದ ಸರ್ ಹೇಳಿದಂತೆ ಈಜುಕೊಳದಲ್ಲಿ ಕಲಿಯುವಾಗ ಈ ತೊಂಬತ್ತು ಮೀಟರನ್ನೇ ಗುರಿಯಾಗಿ ಇಟ್ಟುಕೊಳ್ಳಬಹುದು.

ಉತ್ತರ: ರೋವರ್ (ಹಿರಿಯ ಸ್ಕೌಟ್), ಪದವಿ ವಿದ್ಯಾರ್ಥಿ, ದಾವಣಗೆರೆ

ಹಿರಿಯರು ಕ್ಷಮಿಸಬೇಕು, ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಶಿಬಿರಕ್ಕೆ ಹೋಗುವವನು ಹುಡುಗ. ಅವನು ಹಾಕಿದ ಮೂರು ಗುರುತುಗಳಲ್ಲಿ ಒಂದನ್ನಾದರೂ ಉಳಿಸದೆ ದೊಡ್ಡವರ ಮೂರನ್ನು ಕೊಟ್ಟು ಕಳುಹಿಸಿದರೆ ಅಲ್ಲಿಯೂ ಅವನು ಶಾಲೆಯ ಪೀರಿಯಡ್ಡಿನಲ್ಲಿ ಕೂತಂತೆಯೇ ಕೂರುತ್ತಾನೆ. ಮೇಲಾಗಿ, ಮನೆಯಲ್ಲಿ ಸಾಧ್ಯವಿಲ್ಲದ್ದನ್ನೇ ಆರಿಸಬೇಕು ಎಂಬ ಸರ್ ಅವರ ಅಳತೆಗೋಲಿನಿಂದಲೇ ಅಳೆದರೆ ಬಂಡೆ ಹತ್ತುವುದು ಪಟ್ಟಿಯ ಮೊದಲ ಸಾಲಿನಲ್ಲಿರಬೇಕು. ಸರ್ ಅದರ ಮಾತನ್ನೇ ಎತ್ತಲಿಲ್ಲ. ಹಗ್ಗ, ಹೆಲ್ಮೆಟ್, ಸೊಂಟಪಟ್ಟಿ, ಕೆಳಗೆ ಹಗ್ಗ ಹಿಡಿದು ನಿಲ್ಲುವ ಪಳಗಿದ ತರಬೇತುದಾರ ಇವೆಲ್ಲ ಒಂದೆಡೆ ಸಿಗುವುದು ಇಂತಹ ಶಿಬಿರದಲ್ಲಿಯೇ. ಅಲ್ಲಿ ಸಿಗದಿದ್ದರೆ ಹುಡುಗರು ಹೋಗುವುದು ದುರ್ಗದ ಕೋಟೆಯ ಬಂಡೆಗಳಿಗೆ, ಅದೂ ಹಗ್ಗವಿಲ್ಲದೆ, ಸೆಲ್ಫಿ ತೆಗೆಯಲು. ತಯಾರಿಗೆ ಬೇರೇನೂ ಬೇಡ: ಉಗುರು ಕತ್ತರಿಸಿರಬೇಕು, ಬೆರಳಿನ ಉಂಗುರ ಮತ್ತು ಕೈಯ ದಾರಗಳನ್ನು ತೆಗೆದಿರಬೇಕು, ದಿನವೂ ಮೆಟ್ಟಿಲು ಹತ್ತಿ ಇಳಿದು ತೊಡೆಗೆ ಬಲ ತುಂಬಿಕೊಂಡಿರಬೇಕು. ಹೊಸಬರು ಕೈಗಳಿಂದ ಜಗ್ಗಿಕೊಂಡು ಹತ್ತಲು ನೋಡಿ ಹತ್ತಡಿಗೇ ಸುಸ್ತಾಗುತ್ತಾರೆ, ಮೈಯನ್ನು ಮೇಲಕ್ಕೆತ್ತುವುದು ಕಾಲು.

ಇನ್ನೊಂದು ದಾರಿಯೂ ಇದೆ. 1907ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಕೂಡಿಸಿ ಮೊದಲ ಶಿಬಿರ ನಡೆಸಿದಾಗಲೇ ಅವರನ್ನು ನಾಲ್ಕು ಪೆಟ್ರೋಲ್‌ಗಳಾಗಿ, ಅಂದರೆ ಚಿಕ್ಕ ತಂಡಗಳಾಗಿ ಹಂಚಿದ್ದರು. ನಿಮ್ಮ ಮಗನ ಪೆಟ್ರೋಲಿನಲ್ಲಿಯೂ ಆರೇಳು ಹುಡುಗರಿರುತ್ತಾರೆ. ಆ ಹುಡುಗರನ್ನೆಲ್ಲ ಒಂದು ಸಂಜೆ ಮನೆಗೆ ಕರೆದು, ಮಂಡಕ್ಕಿ ಮಿರ್ಚಿ ಕೊಟ್ಟು, ಪಟ್ಟಿಯನ್ನು ಅವರ ಮುಂದಿಡಿ. ಅಡುಗೆಗೆ ಇಬ್ಬರು, ಸಂಕೇತಕ್ಕೆ ಒಬ್ಬ, ನಕ್ಷೆಗೆ ಇಬ್ಬರು ಎಂದು ಅವರೇ ಹಂಚಿಕೊಳ್ಳಲಿ. ಶಿಬಿರ ಮುಗಿಸಿ ಬಂದ ಮೇಲೆ ದಳದ ವಾರದ ಸಭೆಗಳಲ್ಲಿ ಒಬ್ಬ ಕಲಿತದ್ದನ್ನು ಉಳಿದವರಿಗೆ ಹೇಳಿಕೊಟ್ಟರೆ ಒಂದೇ ಶಿಬಿರದ ಹತ್ತೂ ತರಗತಿಗಳು ಪೆಟ್ರೋಲಿಗೆ ಸಿಕ್ಕಂತಾಗುತ್ತದೆ. ನಮ್ಮ ಪೆಟ್ರೋಲಿನಲ್ಲಿ ನಾವು ಹೀಗೆಯೇ ಮಾಡಿದ್ದೆವು. ಅಡುಗೆ ಕಲಿತು ಬಂದ ಗೆಳೆಯ ಪಾತ್ರೆಯ ಹೊರಮೈಗೆ ಒದ್ದೆ ಮಣ್ಣು ಬಳಿದು ಮೂರು ಕಲ್ಲಿನ ಒಲೆಯ ಮೇಲಿಡುವುದನ್ನು ತೋರಿಸಿದ. ಮಸಿ ಮಣ್ಣಿಗೆ ಹತ್ತುತ್ತದೆ, ಮಣ್ಣು ತೊಳೆದರೆ ಪಾತ್ರೆ ಸ್ವಚ್ಛ. ನನ್ನ ಅಜ್ಜಿ ಅದನ್ನು ಕೇಳಿ, ಇದನ್ನು ಕಲಿಯಲು ಶಿಬಿರಕ್ಕೆ ಹೋಗಬೇಕಿತ್ತೇ ಎಂದು ನಕ್ಕರು.

ನಕ್ಷೆ ಮತ್ತು ದಿಕ್ಸೂಚಿಯ ತರಗತಿಗೆ ಯಾರಾದರೂ ಹೋಗುವುದಾದರೆ ಅವರಿಗೊಂದು ಕಿವಿಮಾತು. ಗಡಿಯಾರದ ಗಂಟೆಯ ಮುಳ್ಳನ್ನು ಸೂರ್ಯನ ಕಡೆ ತಿರುಗಿಸಿ, ಮುಳ್ಳಿಗೂ ಹನ್ನೆರಡಕ್ಕೂ ನಡುವೆ ದಕ್ಷಿಣ ಹುಡುಕುವ ವಿಧಾನ ನಮ್ಮಲ್ಲಿ ಏಪ್ರಿಲ್ ಕೊನೆಯಲ್ಲಿ ಕೆಲಸಕ್ಕೆ ಬರುವುದಿಲ್ಲ. ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆ ದಿನಗಳಲ್ಲಿ ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿಯೇ ಇರುತ್ತಾನೆ. ಬದಲಿಗೆ ಬೆಳಿಗ್ಗೆ ಎಂಟರ ಹೊತ್ತಿಗೆ ಕೋಲು ನೆಟ್ಟು ನೆರಳಿನ ತುದಿಗೊಂದು ಕಲ್ಲು, ಇಪ್ಪತ್ತು ನಿಮಿಷದ ಬಳಿಕ ಹೊಸ ತುದಿಗೊಂದು ಕಲ್ಲು ಇಡಲಿ. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಗೆರೆ ಹೆಚ್ಚು ಕಡಿಮೆ ಸರಿಯಾಗಿಯೇ ಬರುತ್ತದೆ.

ರಾತ್ರಿಯ ಧ್ರುವ ನಕ್ಷತ್ರವನ್ನೂ ಮಕ್ಕಳು ಬಹಳ ಎತ್ತರದಲ್ಲಿ ಹುಡುಕುತ್ತಾರೆ. ನಮ್ಮ ಊರಿಗೆ ಅದು ದಿಗಂತದಿಂದ ಹದಿನಾಲ್ಕು ಡಿಗ್ರಿಯಷ್ಟೇ ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಹತ್ತು ಡಿಗ್ರಿ. ಒಂದೂವರೆ ಮುಷ್ಟಿಯ ಎತ್ತರದಲ್ಲಿ, ಒಂದು ಬೇವಿನ ಮರ ಅಡ್ಡ ಬಂದರೂ ಮರೆಯಾಗುವಂತೆ ಮಂಕಾಗಿ ಇರುತ್ತದೆ. ಏಪ್ರಿಲ್ ಕೊನೆಯಲ್ಲಿ ರಾತ್ರಿ ಒಂಬತ್ತಕ್ಕೆ ಸಪ್ತರ್ಷಿ ಮಂಡಲದ ಕ್ರತು ಮತ್ತು ಪುಲಹ ನಕ್ಷತ್ರಗಳು ಧ್ರುವದ ನೆಟ್ಟ ನೇರಕ್ಕೆ ಮೇಲಿರುತ್ತವೆ, ಅಲ್ಲಿಂದ ಕೆಳಗೆ ಗೆರೆ ಇಳಿಸಿದರೆ ಸಾಕು. ಹತ್ತು ಗಂಟೆ ದಾಟಿದ ಮೇಲೆ ತಿರುಗಿ ನಿಂತು ದಕ್ಷಿಣಕ್ಕೆ ನೋಡಿದರೆ ಅಷ್ಟೇ ಎತ್ತರದಲ್ಲಿ ತ್ರಿಶಂಕು ನಕ್ಷತ್ರಪುಂಜ. ಇದಕ್ಕೆ ತರಗತಿಯೇ ಬೇಡ, ಶಿಬಿರಾಗ್ನಿ ಆರಿದ ಮೇಲೆ ಹತ್ತು ನಿಮಿಷ ಎಚ್ಚರವಿದ್ದರೆ ಆಯಿತು.

ಮತ್ತೆ ಪ್ರಶ್ನೆ ಕೇಳಿದವರು: ವಿದ್ಯಾನಗರದ ತಂದೆ, ದಾವಣಗೆರೆ

ಇಷ್ಟು ವಿವರವಾಗಿ ಬರೆದ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಪೆಟ್ರೋಲಿನ ಆರು ಹುಡುಗರು ನಮ್ಮ ಮನೆಗೆ ಬಂದಿದ್ದರು. ಎರಡು ಸೇರು ಮಂಡಕ್ಕಿ ಮುಗಿಯುವ ಹೊತ್ತಿಗೆ ಹತ್ತರಲ್ಲಿ ಒಂಬತ್ತು ತರಗತಿಗಳು ಹಂಚಿಹೋದವು, ಕರಕುಶಲಕ್ಕೆ ಮಾತ್ರ ಯಾರೂ ಒಪ್ಪಲಿಲ್ಲ. ನನ್ನ ಮಗನ ಪಾಲಿಗೆ ಬೆಳಿಗ್ಗೆ ಬಂಡೆ ಹತ್ತುವುದು, ಪಯೋನಿಯರಿಂಗ್. ಮಧ್ಯಾಹ್ನ ಪ್ರಥಮ ಚಿಕಿತ್ಸೆ. ಅಡುಗೆಯನ್ನು ಅವನ ಗೆಳೆಯ ತೆಗೆದುಕೊಂಡಿದ್ದಾನೆ. “ಅದನ್ನು ನಾನೇ ಮನೆಯಲ್ಲಿ ಕಲಿಸುತ್ತೇನೆ, ಮೊದಲು ಚಿತ್ರಾನ್ನ” ಎಂದು ನನ್ನ ಮಗನ ತಾಯಿ ಈಗಾಗಲೇ ಘೋಷಿಸಿದ್ದಾರೆ. ಈಜುಕೊಳದ ಬೆಳಗಿನ ತಂಡಕ್ಕೆ ಮಗ ನಾಳೆಯಿಂದ ಹೋಗುತ್ತಾನೆ.

ಹರಿಹರದ ಸರ್ ಅವರಲ್ಲಿ ಎರಡು ಸಣ್ಣ ಸಂದೇಹಗಳು ಉಳಿದಿವೆ. ಅಭ್ಯಾಸಕ್ಕೆ ಮನೆಯಲ್ಲಿರುವ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಆಗುತ್ತದೆಯೇ? ಇನ್ನೊಂದು, ನನ್ನ ಮಗ ಎಡಚ. ನಾನು ಪಕ್ಕದಲ್ಲಿ ಕೂತು ತೋರಿಸಿದ ಗಂಟು ಅವನ ಕೈಯಲ್ಲಿ ಪ್ರತಿ ಸಲವೂ ಗೋಜಲಾಗುತ್ತಿದೆ, ಮೂರು ದಿನಕ್ಕೇ ಹಗ್ಗವನ್ನು ಕಂಡರೆ ಮುಖ ತಿರುಗಿಸುತ್ತಿದ್ದಾನೆ.

ಉತ್ತರ: ನಿವೃತ್ತ ಸ್ಕೌಟ್ ಮಾಸ್ಟರ್, ಹರಿಹರ

ಬಂಡೆಯ ವಿಷಯದಲ್ಲಿ ರೋವರ್ ಹೇಳಿದ್ದು ಸರಿ. ನನ್ನ ಕಾಲದ ಶಿಬಿರಗಳಲ್ಲಿ ಆ ತರಗತಿಯೇ ಇರಲಿಲ್ಲವಾದ್ದರಿಂದ ಅದು ನನ್ನ ಗಮನಕ್ಕೆ ಬರಲಿಲ್ಲ. ತರಬೇತುದಾರರು ಯಾರೆಂದು ಒಮ್ಮೆ ವಿಚಾರಿಸಿಕೊಂಡು ಧೈರ್ಯವಾಗಿ ಕಳುಹಿಸಿ.

ನೈಲಾನ್ ಬೇಡ. ಅದು ನುಣುಪಾಗಿರುವುದರಿಂದ ಸರಿಯಾಗಿ ಹಾಕಿದ ಗಂಟೂ ಜಾರುತ್ತದೆ, ತಪ್ಪು ತನ್ನದೆಂದು ಹುಡುಗ ತಿಳಿಯುತ್ತಾನೆ. ಹಗ್ಗದ ಅಂಗಡಿಯಲ್ಲಿ ಕಿರುಬೆರಳಿಗಿಂತ ತುಸು ತೆಳ್ಳಗಿನ ನೂಲಿನ ಹಗ್ಗ ಕೇಳಿ. ತುದಿ ಬಿಚ್ಚಿಕೊಳ್ಳದಂತೆ ಎರಡೂ ಕಡೆ ದಾರ ಸುತ್ತಿಸಿ, ಅದನ್ನೂ ಅವನ ಕೈಯಲ್ಲೇ ಮಾಡಿಸಿ.

ಎಡಚನಾಗಿರುವುದು ದೋಷವಲ್ಲ, ನೀವು ಕೂತ ಜಾಗ ತಪ್ಪು. ಎಡಚ ಮಕ್ಕಳಿಗೆ ಕಲಿಸುವಾಗ ಪಕ್ಕದಲ್ಲಿ ಕೂರದೆ ಎದುರಿಗೆ ಕೂರಬೇಕು. ಆಗ ನಿಮ್ಮ ಬಲಗೈ ಮಾಡಿದ್ದನ್ನು ಅವನ ಎಡಗೈ ಕನ್ನಡಿಯಲ್ಲಿ ಕಂಡಂತೆ ಮಾಡುತ್ತದೆ. ಅವನ ರೀಫ್ ಗಂಟಿನಲ್ಲಿ ಎಡ ಮೊದಲು, ಬಲ ಆಮೇಲೆ ಬಂದರೆ ಏನೂ ಕೆಡುವುದಿಲ್ಲ, ಅದೂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ. ಅವನ ದಳದವರೆಲ್ಲ ಕೈಕುಲುಕುವುದೇ ಎಡಗೈಯಿಂದ ಎಂಬುದನ್ನೂ ಅವನಿಗೆ ನೆನಪಿಸಿ.